ಇಡೀ ಬಸ್ಸಿನ ವಿರುದ್ಧ ನಾನೊಬ್ಬಳೇ

ಗೆಳೆಯರೇ, ಇವತ್ತು ಇಡೀ ಒಂದು ಬಸ್ಸನ್ನು ಸೋಲಿಸಿ ಮನೆಗೆ ಬಂದಿದ್ದೇನೆ!

ರಾಯಚೂರಿನಿಂದ ದೇವದುರ್ಗಕ್ಕೆ ಹೊರಟ ಬಸ್ಸು. ಮುಂದಿನ ಸೀಟಿನ ಹಿರಿಯರೊಬ್ಬರದು ದಾರಿಯುದ್ದಕ್ಕೂ ಭಾಷಣ: "ದೊಡ್ಡ ದೇಶದವ್ರು ಸಣ್ಣ ದೇಶದವ್ರ ಮಾತು ಕೇಳಂಗಿಲ್ಲ. ಜಗತ್ತಿನ್ಯಾಗ ಪ್ರಜಾಪ್ರಭುತ್ವ ಸತ್ತೇ ಹೋಗ್ಯದರೀ!"

ಕಲ್ಲೂರು ದಾಟಿದ ಮೇಲೆ ಕಂಡಕ್ಟರ್ ಕೂಗಿದ: "ಸಿರವಾರಕ್ಕ ಇಳಿಯೋರು ಈ ಅಕ್ಕಾರು ಒಬ್ರೇ ಅದಾರ. ಬಸ್‌ಸ್ಟ್ಯಾಂಡಿಗೆ ಹೋಗೋದು ಬ್ಯಾಡ, ಊರ ಹೊರಗ ಇಳಿಸೂಣೇನ್ರಿ?"

ಹಿರಿಯರು ಎದ್ದು ನಿಂತರು. "ವೋಟ್ ಹಾಕ್ರಿ! ಹೌದನ್ನೋರು ಕೈ ಎತ್ರಿ!"

ಎಲ್ಲ ಕೈಗಳೂ ಮೇಲೆ. ನನ್ನ ಕಾಲ ಬಳಿ ರಿಪೇರಿ ಮಾಡಿಸಿ ತಂದ ಹೊಲಿಗೆ ಮಷೀನು.

ಟಿಕೆಟ್ ಹಿಡಿದು ನಾನೂ ಕೈ ಎತ್ತಿದೆ. "ನೀವೆಲ್ಲಾ ಕೈ ಎತ್ತಿದ್ರೂ ನನ್ನ ಬಸ್‌ಸ್ಟ್ಯಾಂಡ್ ಟಿಕೆಟ್ ಸುಳ್ಳಾಗಂಗಿಲ್ರೀ. ಸಣ್ಣ ದೇಶ ಮಾತಾಡಾಕತ್ತದ, ಕೇಳ್ರಿ!"

ಹಿಂದೆ ಕೂತಿದ್ದ ಅಜ್ಜಿಯೊಬ್ಬಳು ಕೈ ಇಳಿಸಿದಳು: "ಖರೇ ಅದ. ಇವತ್ತ ಆಕಿನ್ನ ಇಳಿಸ್ತಾರ, ನಾಳಿ ನನ್ನ."

ಒಂದೊಂದಾಗಿ ಕೈಗಳು ಇಳಿದವು. ಡ್ರೈವರ್ ನಗುತ್ತ ಬಸ್‌ಸ್ಟ್ಯಾಂಡಿನತ್ತ ತಿರುಗಿಸಿದ.

ನಾನು ಮಷೀನು ಇಳಿಸುವಷ್ಟರಲ್ಲಿ ಹಿರಿಯರು ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಟ್ಟಿದ್ದರು. ಅವರ ಹಿಂದೆ ಇಡೀ ಬಹುಮತ.

ಪ್ರಜಾಪ್ರಭುತ್ವ ನಿಜಕ್ಕೂ ಸತ್ತಿದ್ದರೆ ಅವರಿಗೆ ಆ ಚಹಾ ಸಿಗುತ್ತಿರಲಿಲ್ಲ.