ಏಳನೇ ನಂಬರಿನ ಪಟ್ಟಿ

‘ನಮ್ಮ ಚೀಲ ರಿಪೇರಿ ಇಲ್ಲದ ವಾಪಸ್ ಹೋಗೂದಾ? ಆಗದ ಮಾತು ಬಿಡು,’ ಎಂದವರು ನನ್ನ ಸೋದರಮಾವ ಈರಣ್ಣ. ಅದು 1984. ಮುಂಬೈನ ಫೋರ್ಟ್ ಬಡಾವಣೆಯಲ್ಲಿ ಟ್ರೆಕ್ಕಿಂಗ್ ಚೀಲ ತಯಾರಿಸುವ ಕಂಪನಿಯೊಂದರಲ್ಲಿ ಮಾಮಾ ಹೊಲಿಗೆಯವರು. ಅದೇ ವರ್ಷ ನಾನು ಅಲ್ಲಿನ ರಿಪೇರಿ ಕೌಂಟರಿಗೆ ಗುಮಾಸ್ತನಾಗಿ ಸೇರಿದೆ. ಬಿಜಾಪುರದ ಕಡೆಯಿಂದ ಬಂದ ನನ್ನ ಅಪ್ಪ ಅವ್ವ ಕಟ್ಟಡಗಳಿಗೆ ಕಲ್ಲು ಹೊತ್ತವರು. ವಡಾಲದ ಒಂದೇ ಖೋಲಿಯಲ್ಲಿ ಓದಿ, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಬಿ.ಕಾಂ. ಪಾಸಾದವನು ನಾನು. ನಮ್ಮ ಮನೆತನದಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂತ ಮೊದಲಿಗ.

ಆಗ ಶನಿವಾರ ಬಂತೆಂದರೆ ಕರ್ಜತ್ ಲೋಕಲ್ ತುಂಬ ಸಹ್ಯಾದ್ರಿಯ ಕೋಟೆ ಹತ್ತುವ ಹುಡುಗ ಹುಡುಗಿಯರು. ಅವರಲ್ಲಿ ಎಷ್ಟೋ ಜನರ ಬೆನ್ನಿಗೆ ನಮ್ಮ ಚೀಲ. ಚೀಲ ಬಾಳುವಷ್ಟು ಕಾಲ ರಿಪೇರಿ ಪುಕ್ಕಟೆ ಎಂಬುದು ಹಳೆಯ ಮಾಲೀಕರ ಮಾತು. ಹೆಗಲುಪಟ್ಟಿಯ ಹೊಲಿಗೆಯೊಳಗೆ ಪ್ರತಿಯೊಬ್ಬ ಹೊಲಿಗೆಯವನೂ ತನ್ನ ನಂಬರಿನ ಬಟ್ಟೆಯ ತುಂಡೊಂದನ್ನು ಸೇರಿಸಿ ಹೊಲಿಯುತ್ತಿದ್ದ. ಹೊರಗೆ ಅದು ಕಾಣುತ್ತಿರಲಿಲ್ಲ. ಚೀಲ ವಾಪಸ್ ಬಂದಾಗ ಗಿರಾಕಿಯ ಎದುರಿಗೇ ಬಿಚ್ಚಿ, ನಂಬರು ನೋಡಿ, ಹೊಲಿದವನ ಕೈಗೇ ಕೊಡಬೇಕು. ಮಾಮಾ ಏಳನೇ ನಂಬರು. ಪಟ್ಟಿಯ ತುದಿಯನ್ನು ಎರಡು ಇಂಚು ಒಳಕ್ಕೆ ಮಡಚಿ ಮೂರು ಸಾಲು ಹೊಲಿಯುತ್ತಿದ್ದರು. ಗಿರಾಕಿಗಳು ಬೇಸಿಗೆಯಲ್ಲಿ ಬೆಟ್ಟದಿಂದ ಕವಳೆಹಣ್ಣು ತಂದು, ‘ಸಾತ್ ನಂಬರ್‌ವಾಲೇ ಚಾಚಾ ಕೋ ದೇನಾ’ ಎಂದು ಮಾಮಾನಿಗಾಗಿ ಕೌಂಟರಿನ ಮೇಲಿಟ್ಟು ಹೋಗುತ್ತಿದ್ದರು. ಕ್ಯಾನ್ವಾಸು, ಮೇಣ, ಹಣ್ಣು ಬೆರೆತ ಆ ವಾಸನೆ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

1989ರಲ್ಲಿ ಮಾಲೀಕರು ಕಂಪನಿ ಮಾರಿದರು. ಹೊಸ ಮ್ಯಾನೇಜರ್ ಹೊಲಿಗೆಯನ್ನು ಜಾಬ್‌ವರ್ಕ್ ಮಾಡಿದರು. ಅಂದರೆ ಹೊರಗಿನ ಶೆಡ್ಡುಗಳಿಗೆ ಚೀಲಕ್ಕಿಷ್ಟು ಎಂದು ಗುತ್ತಿಗೆ. ಮಾಮಾ ಸೇರಿ ಒಳಗೆ ಉಳಿದ ನಾಲ್ಕು ಮಂದಿಗೆ ರಿಪೇರಿ ಮಾತ್ರ. ಬರಬರುತ್ತ ಕೌಂಟರಿಗೆ ಬರುವ ಚೀಲ ಹೆಚ್ಚಾದವು, ಹಣ್ಣು ಬರುವುದು ನಿಂತಿತು. ಮ್ಯಾನೇಜರ್ ನನ್ನನ್ನು ಕರೆದು, ‘ನೀವು ಗ್ರಾಜುಯೇಟ್, ಇಂಗ್ಲಿಷ್ ಚೆನ್ನಾಗಿದೆ. ಗಿರಾಕಿ ದುರ್ಬಳಕೆ ಮಾಡಿದ್ದಾರೆ, ಗ್ಯಾರಂಟಿ ಅನ್ವಯಿಸದು ಅಂತ ಒಂದು ಪತ್ರ ತಯಾರಿಸಿ’ ಎಂದರು. ತಯಾರಿಸಿದೆ. ಬಂದ ಚೀಲಗಳಿಗೆಲ್ಲ ಅದೇ ಉತ್ತರ. ಕೆಳಗೆ ಸಹಿ, ಸಹಿಯ ಕೆಳಗೆ ‘ಬಿ.ಕಾಂ.’ ಅದನ್ನು ನೋಡಿ ನಾನೇ ಹಿಗ್ಗುತ್ತಿದ್ದೆ. ಚೀಲ ಬಿಚ್ಚುವುದನ್ನು ಬಿಟ್ಟೆ.

ಮರುವರ್ಷ ಮಳೆಗಾಲದ ಕೊನೆಗೆ ದಹಿಸರ್‌ನ ಶಾಲಾ ಶಿಕ್ಷಕಿ ಪ್ರಭಾ ಟೀಚರ್ ಕೌಂಟರಿಗೆ ಬಂದರು. ಬಲಗೈಗೆ ಪ್ಲಾಸ್ಟರು. ಎಡಗೈಯಲ್ಲಿ ರಿಪೇರಿಯಾಗದೆ ವಾಪಸ್ ಹೋಗಿದ್ದ ನಮ್ಮ ಹೊಸ ಚೀಲ, ಅದರೊಂದಿಗೆ ನಾನು ಕಳಿಸಿದ್ದ ಪತ್ರ. ಕೋಟೆ ಇಳಿಯುವಾಗ ಹೆಗಲುಪಟ್ಟಿ ಕಿತ್ತು, ಆಯ ತಪ್ಪಿ ಬಿದ್ದಿದ್ದರು.

‘ಯೇ ಆಪ್ ನೇ ಲಿಖಾ?’

ಹೌದು, ನಾನೇ ಬರೆದದ್ದು ಎಂದೆ.

‘ಖೋಲ್ ಕೇ ದೇಖಾ ಥಾ?’

ಬಿಚ್ಚಿ ನೋಡಿದ್ದಿರಾ ಎಂದು ಕೇಳಿದ್ದು ಅಷ್ಟೇ. ಚೀಲವನ್ನು ಒಳಗೆ ಒಯ್ದು ಮಾಮಾನ ಮುಂದಿಟ್ಟು, ಟೀಚರ್ ಬಿದ್ದು ಕೈ ಮುರಿದುಕೊಂಡದ್ದನ್ನು ಹೇಳಿದೆ.

‘ಏನ್ ಗ್ರಾಜುಯೇಟ್ ಅಳಿಯಾ, ಹಾದಿ ತಪ್ಪಿ ಬಂದ್ಯೇನು?’ ಎನ್ನುತ್ತಲೇ ಮಾಮಾ ಕಿತ್ತುಹೋಗದೆ ಉಳಿದಿದ್ದ ಇನ್ನೊಂದು ಪಟ್ಟಿಯ ಹೊಲಿಗೆ ಬಿಚ್ಚಿದರು. ಒಳಗಿನ ಬಟ್ಟೆಯ ತುಂಡಿನಲ್ಲಿ ಏಳು ಎಂದಿತ್ತು. ಮಾಮಾ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಟ್ಟಿಯ ತುದಿ ಒಳಗಿದ್ದದ್ದು ಅರ್ಧ ಇಂಚು. ಹೊಲಿಗೆ ಒಂದೇ ಸಾಲು.

‘ನಂಬರ್ ನಂದೈತಿ. ಕೈ ನಂದಲ್ಲ,’ ಎಂದರು. ‘ಆ ಟೀಚರ್ ಬಾಯಿ ಕೈ ಮುರದದ್ದು ನನ್ನ ಹೆಸರ್ಲೆ ಏನೋ?’

ಗೋದಾಮಿನಿಂದ ಹೊಸ ಚೀಲ ಹತ್ತು ತಂದು ಬಿಚ್ಚಿದೆವು. ಹತ್ತರಲ್ಲೂ ಏಳು. ಗಿರಾಕಿಗಳು ಕೇಳುತ್ತಿದ್ದ ನಂಬರನ್ನು ಕಂಪನಿ ಬಟ್ಟೆಯ ತುಂಡುಗಳ ಮೇಲೆ ಛಾಪಿಸಿ ಶೆಡ್ಡುಗಳಿಗೆಲ್ಲ ಹಂಚಿತ್ತು.

ಟೀಚರ್ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದರು. ನಾನು ಟೈಪ್‌ರೈಟರಿಗೆ ಹೊಸ ಹಾಳೆ ಏರಿಸಿದೆ. ಹೊಲಿಗೆ ದೋಷ ಕಂಪನಿಯದು, ಚೀಲ ಬಿಚ್ಚದೆ ಬರೆದ ಮೊದಲ ಪತ್ರ ನನ್ನ ತಪ್ಪು, ಏಳನೇ ನಂಬರಿನವರು ಇದನ್ನು ಹೊಲಿದವರಲ್ಲ ಎಂದು ಬರೆದೆ. ಸಹಿಯ ಕೆಳಗೆ ಬಿ.ಕಾಂ. ಬರೆಯಲು ಮನಸ್ಸಾಗಲಿಲ್ಲ. ಮಾಮಾ ಎರಡೂ ಪಟ್ಟಿಗಳನ್ನು ತಮ್ಮ ರೀತಿಯಲ್ಲಿ ಹೊಲಿದು ಕೊಟ್ಟರು. ಚೀಲವನ್ನೂ ಪತ್ರವನ್ನೂ ಟೀಚರ್ ಕೈಗೆ ಕೊಟ್ಟೆ.

ಆ ಪತ್ರ ವಾಪಸ್ ತರಬೇಕು, ಇಲ್ಲವೇ ಕೆಲಸ ಬಿಟ್ಟು ಹೋಗಬೇಕು ಎಂದರು ಮ್ಯಾನೇಜರ್. ನಾನು ಬಿಟ್ಟೆ. ಎರಡು ವರ್ಷದೊಳಗೆ ಕೌಂಟರ್ ಮುಚ್ಚಿತು. ಅದೇ ಹೆಸರಿನ ಚೀಲಗಳು ಫೋರ್ಟಿನ ಫುಟ್‌ಪಾತಿನ ಮೇಲೆ ರಾಶಿ ಬಿದ್ದವು. ಮುಂದೆ ಬೇರೆ ಕಂಪನಿಗಳಲ್ಲಿ ನಾನು ಸಾವಿರಾರು ದೂರುಗಳಿಗೆ ಉತ್ತರ ಬರೆದೆ. ಬಿಚ್ಚಿ ನೋಡದೆ ಒಂದಕ್ಕೂ ಸಹಿ ಹಾಕಲಿಲ್ಲ. ಲೋಕಲ್‌ನಲ್ಲಿ ಯಾರ ಬೆನ್ನಿಗಾದರೂ ನಮ್ಮ ಹಳೆಯ ಚೀಲ ಕಂಡರೆ ಈಗಲೂ ನನ್ನ ಕಣ್ಣು ಹೆಗಲುಪಟ್ಟಿಯ ಮೇಲೆ ನಿಲ್ಲುತ್ತದೆ. ಇಳಿಯುವ ಸ್ಟೇಷನ್ ಎಷ್ಟೋ ಸಲ ದಾಟಿಹೋಗಿದೆ.

ನಾನು ಕೆಲಸ ಬಿಟ್ಟ ದಿನ ಮ್ಯಾನೇಜರ್ ಅನುಭವದ ಸರ್ಟಿಫಿಕೇಟನ್ನು ಮೇಜಿನ ಮೇಲೆ ಸರಿಸಿದರು. ಅದನ್ನು ತಂದು ಮಾಮಾನ ಕೈಗೆ ಕೊಟ್ಟೆ. ಅವರಿಗೆ ಓದಲು ಬಾರದು. ಬಟ್ಟೆ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚದೆ ಮರಳಿಸಿದರು.

‘ಜೋಪಾನ ಇಟ್ಕೋ. ಆದ್ರ ಇದು ಅವ್ರು ಹೊಲದದ್ದು, ಅಳಿಯಾ. ನೀ ಹೊಲದದ್ದು ಟೀಚರ್ ಬಾಯಿ ಕಡೆ ಐತಿ.’