ತಡಮಾಡುವ ಲೈನ್‌ಮನ್

ಕಮಲಾಪುರದ ಕೆಂಬಾಳೆ ತೋಟಗಳ ಮೇಲೆ ಇನ್ನೂ ಮಬ್ಬು. ರಾತ್ರಿಯ ಗಾಳಿಗೆ ಓಣಿಯ ಕೊನೆಯಲ್ಲಿ ತಂತಿ ಕಡಿದು ಜೋತಾಡುತ್ತಿದೆ, ಕರೆಂಟಿಲ್ಲ. ಲೈನ್‌ಮನ್ ತುಕಾರಾಮ ಕಂಬ ಹತ್ತುವ ಬದಲು ಬುಡದಲ್ಲೇ ನಿಂತು, ಉದ್ದನೆಯ ಕೋಲಿನ ತುದಿಗೆ ಟೆಸ್ಟರ್ ಸಿಕ್ಕಿಸುತ್ತಿದ್ದಾರೆ.

"ತುಕಾರಾಮಣ್ಣ, ಕಂಬಕ್ಕ ಆರತಿ ಮಾಡಾಕತ್ತೀಯೇನು? ಗಿರಣಿ ಮುಂದ ಜ್ವಾಳದ ಡಬ್ಬಿ ಸಾಲು ಹಚ್ಯಾವ!" ಹಿಟ್ಟಿನ ಗಿರಣಿಯ ಶಿವಕಾಂತಮ್ಮ ಕೂಗುತ್ತಾರೆ.

ಜೊತೆಗಾರ ದೇವಿಂದ್ರಪ್ಪ ಆಗಲೇ ಏಣಿಗೆ ಕಾಲಿಟ್ಟಾಗಿದೆ. "ಲೈನ್ ಬಂದ್ ಮಾಡೀವಿ ಅಂತ ಸ್ಟೇಷನ್ನಿಂದ ಫೋನ್ ಬಂದದ. ಮತ್ತೇನ್ ನೋಡ್ತಿ? ಟ್ರೇನಿಂಗ್ ಮುಗಿಸ್ಕೊಂಡು ಬಂದಾಗಿಂದ ಮದುಮಗಳಂಗ ಅಡಿ ಎಣಿಸಾಕತ್ತಿದಿ."

"ಜರಾ ನಿಂದ್ರು."

ಕೋಲು ಮೇಲೇರುತ್ತದೆ. ತಂತಿಯ ಆಚೆ ತುಂಡಿನ ಬಳಿ ಟೆಸ್ಟರ್ ಕೀಂಯ್ ಎನ್ನುತ್ತದೆ. ದೇವಿಂದ್ರಪ್ಪ ಮೆಲ್ಲಗೆ ಕಾಲು ಇಳಿಸುತ್ತಾರೆ.

ಬಂದ್ ಆದ ಲೈನಿಗೆ ಕರೆಂಟು ಬಂದದ್ದಾದರೂ ಎಲ್ಲಿಂದ? ಕಂಬದಾಚೆ ಇರುವುದು ಒಂದೇ ಮನೆ, ಮದುವೆ ಮನೆ. ಹಿತ್ತಲಲ್ಲಿ ಜನರೇಟರ್ ಗುಡುಗುಟ್ಟುತ್ತಿದೆ. ಮೇನ್ ಸ್ವಿಚ್ ಆಫ್ ಮಾಡದೆ ಅದರ ವೈರನ್ನು ಬೋರ್ಡಿಗೆ ಚುಚ್ಚಿದ್ದಾರೆ. ಕರೆಂಟು ಹಿಮ್ಮುಖವಾಗಿ ತಂತಿಗೆ ಏರಿದೆ. ತುಕಾರಾಮ ಜನರೇಟರ್ ನಿಲ್ಲಿಸಿ, ಮತ್ತೆ ಟೆಸ್ಟರ್ ಹಿಡಿದು, ಕರೆಂಟು ಬಂದರೂ ನೆಲಕ್ಕಿಳಿಯಲೆಂದು ತಂತಿಗೂ ನೆಲಕ್ಕೂ ಸರಪಳಿ ಬಿಗಿದ ಮೇಲೆಯೇ ಏಣಿ ಹತ್ತುತ್ತಾರೆ.

ಮೊದಲು ಅವರೂ ಹೀಗಿರಲಿಲ್ಲ. ಹದಿನೆಂಟು ವರ್ಷ ಕೈಬೆನ್ನಿನಿಂದ ತಂತಿ ತಟ್ಟಿ ನೋಡಿದವರು. "ಅಂಗೈ ತಾಕಿದ್ರ ಕರೆಂಟ್ ಹಿಡ್ಕೊಂತದ, ಕೈಬೆನ್ನು ತಾಕಿದ್ರ ಒಗಿತದ. ನಮ್ಮ ಗುರು ಕಲಿಸಿದ್ದು ಹಂಗ್ರಿ," ಎಂದು ಕೇಳಿದವರಿಗೆ ಹೇಳುತ್ತಿದ್ದರು.

ಹೋದ ವರ್ಷ ಕಲಬುರಗಿಯಲ್ಲಿ ನಡೆದ ತರಬೇತಿಯಲ್ಲಿ ಎಂಜಿನಿಯರ್ ಮುಬಶ್ಶಿರಾ ಪಾಠಕ್ಕೆ ಮೊದಲು ಒಂದು ಪ್ರಶ್ನೆ ಕೇಳಿದರು: "ನಿಮಗ ಕೆಲಸ ಕಲಿಸಿದವ್ರು ರಿಟೈರ್ ಆದ್ರಾ?" ಹಿಂದಿನ ಬೆಂಚಿನ ತುಕಾರಾಮ ಎದ್ದು ನಿಂತರು. "ನನ್ನ ಗುರು ರಿಟೈರ್ ಆಗ್ಲಿಲ್ರಿ." ಗುರು ತಂತಿ ತಟ್ಟಿ ನೋಡುತ್ತಲೇ ಕಂಬದ ಮೇಲೆ ಜೀವ ಬಿಟ್ಟಿದ್ದರು. ಅಂದಿನಿಂದ ಕೋಲು, ಸರಪಳಿ ಅವರ ಸೈಕಲ್ ಬಿಟ್ಟಿಳಿದಿಲ್ಲ.

ವಿಚಿತ್ರವೆಂದರೆ, ಕಲಿತ ಮೇಲೆ ಅವರು ಹಿಂದೆ ಬಿದ್ದರು. ಎಷ್ಟು ಬೇಗ ಕರೆಂಟು ಬಂತು ಎಂಬುದೇ ಕಚೇರಿಯ ಅಳತೆಗೋಲು. ಆಗದೇ ಹೋದ ಅಪಘಾತಕ್ಕೆ ಅಲ್ಲಿ ಅಂಕವಿಲ್ಲ. ಹೀಗೇ ತಡವಾದರೆ ಲೈನ್ ಕೆಲಸ ಬಿಡಿಸಿ ಸಾಮಾನಿನ ಸ್ಟೋರಿಗೆ ಹಾಕುತ್ತೇವೆ ಎಂದು ಎರಡು ಸಲ ಎಚ್ಚರಿಕೆಯೂ ಬಂದಿದೆ. ಕಂಬವೇ ಬದುಕಾದ ಮನುಷ್ಯನಿಗೆ ಸ್ಟೋರೆಂದರೆ ಮೂಲೆ.

ಗಿರಣಿ ಗರಗರ ಎನ್ನುವ ಹೊತ್ತಿಗೆ ಬಿಸಿಲೇರಿದೆ. ಚಹಾದ ಅಂಗಡಿಯಲ್ಲಿ ದೇವಿಂದ್ರಪ್ಪ ಕೇಳುತ್ತಾರೆ, "ಆ ಮೇಡಂ ಟ್ರೇನಿಂಗ್ ಮತ್ತ್ ಯಾವಾಗ ಅದ?"

"ನೀ ಹೋಗ್ತಿಯಂದ್ರ ಸಾಹೇಬ್ರಿಗೆ ನಾನೇ ಕೇಳ್ತೀನಿ. ನನಗ ಅದೊಂದೇ ಆಸೆ."

ಅಷ್ಟರಲ್ಲಿ ಫೋನು. ತಡವಾದದ್ದಕ್ಕೆ ಅತ್ತಲಿಂದ ಬೈಗುಳ. "ಹೂಂರಿ, ಹೂಂರಿ" ಎಂದು ಪೂರ್ತಿ ಕೇಳಿಸಿಕೊಂಡು ತುಕಾರಾಮ ಫೋನು ಜೇಬಿಗಿಡುತ್ತಾರೆ. ಬಸಿಯಲ್ಲಿ ಉಳಿದ ಚಹಾ ಹೀರುತ್ತಾರೆ.

"ಬೈಲಿ ಬಿಡು. ಬೈಸಿಕೊಳ್ಳಾಕ ಇಬ್ಬರೂ ಉಳದೀವಲ್ಲ."