ಅಂಗೈಗೆ ಹಚ್ಚಿದ ಬಣ್ಣ

ಹೋದ ತಿಂಗಳು ಬನಹಟ್ಟಿಯ ಅಂಗಡಿಯಲ್ಲಿ ಬಿಳಿ ಬಟ್ಟೆಯ ಥಾನು ಬಿಚ್ಚಿದಾಗ ಹೊಸ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ದಿಂಬಿನ ಚೀಲಕ್ಕೆ ಬಟ್ಟೆ ಕೊಳ್ಳಲು ಹೋದವಳು ಸುಮ್ಮನೆ ನಿಂತುಬಿಟ್ಟೆ. ಕಂಡಿಕೆ ಅಕ್ಕ ನೆನಪಾದಳು...

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಜಮಖಂಡಿಯಲ್ಲಿ ಡ್ರಾಯಿಂಗ್ ಟೀಚರ್. ಎಚ್‌ಐವಿ ಇದ್ದವರ ಗುಂಪೊಂದು ಬನಹಟ್ಟಿಯಲ್ಲಿ ವಾರಕ್ಕೊಮ್ಮೆ ಸೇರುತ್ತಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಚಿತ್ರದಲ್ಲಿ ಹೇಳಲಿ ಎಂದು ನನ್ನನ್ನು ಕರೆದಿದ್ದರು. ಒಬ್ಬೊಬ್ಬರಾಗಿ ಕಾಗದದ ಮೇಲೆ ಮಲಗಬೇಕು, ಮೈಯ ಸುತ್ತ ಗೆರೆ ಎಳೆಯಬೇಕು, ಜನರ ನಡತೆ ಎಲ್ಲಿ ನೋಯಿಸಿತೋ ಅಲ್ಲಿ ಬಣ್ಣ ಹಚ್ಚಬೇಕು. ಅಷ್ಟು ದೊಡ್ಡ ಕಾಗದ ಸಿಗಲಿಲ್ಲ. ಮಗ್ಗದ ಊರಲ್ಲಿ ಬಟ್ಟೆಗೇನು ಬರ ಎಂದು ಬಿಳಿ ಬಟ್ಟೆ ತಂದು ನೆಲಕ್ಕೆ ಹಾಸಿದೆ. ಮಹಾ ಜಾಣೆ ನಾನು! ಒಬ್ಬರೂ ಹತ್ತಿರ ಬರಲಿಲ್ಲ. ಹೆಣಕ್ಕೆ ತರುವಂಥ ಬಟ್ಟೆ ಅದು ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ ಹೆಂಗಸೊಬ್ಬಳು ಎದ್ದಳು. ಆಕೆಯನ್ನೇ ಎಲ್ಲರೂ ಕಂಡಿಕೆ ಅಕ್ಕ ಎನ್ನುತ್ತಿದ್ದರು.

"ಸತ್ತ ಮ್ಯಾಲ ಹೆಂಗೂ ಮಲಗಸ್ತಾರ. ಜೀವ ಇದ್ದಾಗ ಒಮ್ಮೆ ಮಲಗಿ ನೋಡೂಣ ತಗೋರಿ ಅಕ್ಕಾರ," ಎಂದು ಮಲಗಿಯೇಬಿಟ್ಟಳು. ಎಲ್ಲರೂ ನಕ್ಕರು. ನನಗೂ ಉಸಿರು ಬಂತು.

ಉಳಿದವರು ಎದೆಗೆ, ಹೊಟ್ಟೆಗೆ ಬಣ್ಣ ಹಚ್ಚಿದರು. ಈಕೆ ಎರಡು ಅಂಗೈಗಳಿಗೆ ಮಾತ್ರ ಕೆಂಪು ತುಂಬಿದಳು. ಸುದ್ದಿ ಹಬ್ಬಿದ ಮೇಲೆ ಮಗ್ಗದ ಯಜಮಾನ ಆಕೆ ಸುತ್ತಿದ ಕಂಡಿಕೆ ಬೇಡವೆಂದಿದ್ದ. ಮನೆಯಲ್ಲಿ ತಮ್ಮನ ಹೆಂಡತಿ ಆಕೆ ಬಡಿದ ರೊಟ್ಟಿ ಮುಟ್ಟುತ್ತಿರಲಿಲ್ಲ.

"ಮತ್ತೇನೂ ಬ್ಯಾಡ್ರಿ ನನಗ. ನನ್ನ ಕೈಲೆ ಮಾಡಿದ್ದು ಯಾರರ ತಿಂದ್ರ ಸಾಕು," ಎಂದಳು.

ಕೊನೆಯ ವಾರ ನನಗೆಂದೇ ಶೇಂಗಾ ಹೋಳಿಗೆ ಮಾಡಿ ತಂದಳು. ಮುಟ್ಟಿದರೆ, ಜೊತೆಗೆ ಉಂಡರೆ ಎಚ್‌ಐವಿ ಬರುವುದಿಲ್ಲ ಎಂದು ಅವರೆದುರು ಹತ್ತು ಸಲ ಹೇಳಿದವಳು ನಾನೇ. ಆದರೂ ಕೈ ಬಾಯಿಯವರೆಗೆ ಹೋಗಲಿಲ್ಲ. "ಮನಿಗೆ ಹೋಗಿ ತಿಂತೀನವಾ," ಎಂದು ಚೀಲಕ್ಕೆ ಹಾಕಿಕೊಂಡೆ. ಆಕೆ ನೋಡುತ್ತಲೇ ಇದ್ದಳು. ಜಮಖಂಡಿಯಲ್ಲಿ ಬಸ್ಸಿಳಿದು ಅದನ್ನು ನಾಯಿಗೆ ಹಾಕಿದೆ...

ನಾಚಿಕೆಯಿಂದ ಮತ್ತೆ ಆ ಕಡೆ ಸುಳಿಯಲಿಲ್ಲ. ಸಾಲೆ, ನಿವೃತ್ತಿ, ಮೊಣಕಾಲು ನೋವು ಎಂದು ವರ್ಷಗಳು ಹೋದವು. ನೆಪಗಳಿಗೇನು ಕೊರತೆ.

ಅವತ್ತು ಅಂಗಡಿಯಿಂದ ಹೊರಬಿದ್ದು ಕಾಲೆಳೆದುಕೊಂಡು ಆಕೆಯ ಓಣಿಗೆ ಹೋದೆ. ತಪ್ಪು ಒಪ್ಪಿಕೊಂಡಾದರೂ ಬರೋಣ ಎನ್ನಿಸಿತ್ತು. ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. ಅಕ್ಕ ಎದೆನೋವು ಬಂದು ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಚಿತ್ರ ಬರೆಸುತ್ತಿದ್ದವಳು ಎಂದಾಗ ಆಕೆ ನನ್ನ ಕೈ ಹಿಡಿದುಕೊಂಡಳು.

"ನೀವ ಏನ್ರಿ ಅವ್ರು! ಅಕ್ಕ ತಂದ ಹೋಳಿಗಿ ಎಲ್ಲಾರ ಮುಂದ ಕುಂತು ತಿಂದ್ರಂತಲ್ಲ? ದಿನಾ ಹೇಳಾಕಿ. ಅಷ್ಟು ಕಲತಾವ್ರು ತಿಂದಾರಂದ್ರ ನಂದೇನು ಅಂತ ನಾನೂ ಉಣ್ಣಾಕ ಸುರು ಮಾಡಿದೆ. ಕಡೀತನಕ ಆಕಿ ಕೈ ರೊಟ್ಟೀನ ಉಂಡೀವ್ರಿ."

ನನ್ನ ಮಾನ ಉಳಿಸಿ, ತನ್ನ ರೊಟ್ಟಿಯನ್ನೂ ಉಳಿಸಿಕೊಂಡಿದ್ದಳು ಆಕೆ.

"ಹೋಳಿಗಿ ಭಾಳ ಛಲೋ ಮಾಡ್ತಿದ್ಲಲ್ರಿ?"

"ಹೌದವಾ," ಎಂದೆ. ಆ ಹೋಳಿಗೆಯ ರುಚಿ ನನಗೆ ಗೊತ್ತೇ ಇಲ್ಲ. ಇನ್ನು ಗೊತ್ತಾಗುವುದೂ ಇಲ್ಲ.